ಪುಣೆಯಲ್ಲಿ ಬಾಪೂ ಅವರ ಮಣ್ಣಿನ ಪಟ್ಟಿ

ಊರಿನಿಂದ ನೆಂಟರು ಬಂದರೆಂದರೆ ಪುಣೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಎರಡು ದಿನ ಊರು ತೋರಿಸುವ ಕೆಲಸ ತಪ್ಪಿದ್ದಲ್ಲ. ಶನಿವಾರವಾಡಾ ಆಯಿತು, ಪರ್ವತಿ ಬೆಟ್ಟವಾಯಿತು, ಸಿಂಹಗಡವಾಯಿತು, ಕೊನೆಗೆ ಆಗಾಖಾನ್ ಅರಮನೆ. ಅಲ್ಲಿಯ ತೋಟದ ಮೂಲೆಯಲ್ಲಿ ಮಹಾದೇವ ದೇಸಾಯಿಯವರ ಮತ್ತು ಕಸ್ತೂರಬಾ ಅವರ ಸಮಾಧಿಗಳ ಮುಂದೆ ಎಲ್ಲರೂ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಬಳಿಕ ಗುಂಪಿನಲ್ಲಿದ್ದ ಯಾರಾದರೊಬ್ಬ ಹಿರಿಯ ಹೆಣ್ಣುಮಗಳು ಕೇಳಿಯೇ ಕೇಳುತ್ತಾಳೆ: "ಆಕೀಗೆ ಏನಾಗಿತ್ತು? ಔಷಧ ಕೊಡಿಸಲಿಲ್ಲೇನು?"

ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದು ಕಷ್ಟ. ಗಾಂಧೀಜಿಯವರಿಗೆ ಔಷಧಗಳ ಬಗ್ಗೆ ಇದ್ದ ಅಭಿಪ್ರಾಯ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅದು ಬೆಳೆದ, ಬಾಗಿದ, ಪರೀಕ್ಷೆಗೆ ಒಳಗಾದ ಜಾಗಗಳಲ್ಲಿ ಬಹಳಷ್ಟು ನಮ್ಮ ಈ ಪುಣೆಯಲ್ಲಿಯೇ ಇವೆ. ಸಸೂನ್ ಆಸ್ಪತ್ರೆ, ಆಗಾಖಾನ್ ಅರಮನೆ, ರೈಲು ನಿಲ್ದಾಣದ ಹಿಂದಿನ ಟಾಡೀವಾಲಾ ರಸ್ತೆಯ ಬಾಪೂ ಭವನ, ಮತ್ತು ಸೋಲಾಪುರ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರು ದೂರದ ಉರುಳಿ ಕಾಂಚನ. ನಾಲ್ಕನ್ನೂ ಸುತ್ತಿ ಬಂದವನಿಗೆ ಮನೆಮದ್ದಿನ ಬಗ್ಗೆ ಭಕ್ತಿಯಾಗಲಿ ತಾತ್ಸಾರವಾಗಲಿ ಇರುವಷ್ಟೇ ಉಳಿಯುವುದಿಲ್ಲವೆಂದು ನನ್ನ ಅನುಭವ.

ಕಥೆ ಶುರುವಾಗುವುದು ಮಾತ್ರ ಜರ್ಮನಿಯಲ್ಲಿ. ಲೈಪ್‌ಜಿಗ್ ಪಟ್ಟಣದ ಲೂಯಿ ಕೂನೆ ಎಂಬಾತ, ರೋಗಗಳೆಲ್ಲಕ್ಕೂ ಮೂಲ ಒಂದೇ, ಅದು ದೇಹದಲ್ಲಿ ಸೇರಿದ ಕಲ್ಮಷ, ಅದನ್ನು ತಣ್ಣೀರಿನ ಸ್ನಾನದಿಂದಲೂ ಪಥ್ಯದಿಂದಲೂ ಹೊರಹಾಕಬಹುದು ಎಂದು ಸಾರಿದ. ತೊಟ್ಟಿಯಲ್ಲಿ ನೀರು ತುಂಬಿಸಿ ಸೊಂಟದ ಭಾಗ ಮುಳುಗುವಂತೆ ಕೂರುವ ಕಟಿಸ್ನಾನ ಅವನಿಂದಲೇ ನಮ್ಮಲ್ಲಿ ಪ್ರಸಿದ್ಧವಾದದ್ದು. ಅಡಾಲ್ಫ್ ಯುಸ್ಟ್ ಎಂಬ ಇನ್ನೊಬ್ಬ ಜರ್ಮನ್ 'ಪ್ರಕೃತಿಗೆ ಮರಳಿ' ಎಂಬ ಅರ್ಥದ ಹೆಸರಿನ ಪುಸ್ತಕ ಬರೆದು ಮಣ್ಣಿನ ಮಹಿಮೆ ಹೇಳಿದ. ಇಬ್ಬರೂ ವೈದ್ಯಶಾಸ್ತ್ರ ಓದಿದವರಲ್ಲ. ಎಲ್ಲ ರೋಗಕ್ಕೂ ಒಂದೇ ಮೂಲವೆಂಬ ಕೂನೆಯ ಸಿದ್ಧಾಂತ ಇಂದಿನ ವಿಜ್ಞಾನದ ಮುಂದೆ ನಿಲ್ಲುವುದೂ ಇಲ್ಲ. ಆದರೂ ಅವರ ಪುಸ್ತಕಗಳು ಸಮುದ್ರ ದಾಟಿ ಬಂದು ಇಂಡಿಯಾದ ಭಾಷೆಗಳಿಗೂ ಅನುವಾದಗೊಂಡವು. ದುಬಾರಿ ಔಷಧ, ದೂರದ ಡಾಕ್ಟರು, ಇವೆರಡೂ ಬೇಡವೆಂಬ ಮಾತು ಬಡ ದೇಶದಲ್ಲಿ ಕಿವಿಗೆ ಇಂಪಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ನಡೆಸುತ್ತಿದ್ದ ಗಾಂಧೀಜಿಯವರಿಗೆ ಮಲಬದ್ಧತೆ, ಪದೇ ಪದೇ ತಲೆನೋವು. ಯುಸ್ಟನ ಪುಸ್ತಕ ಓದಿ, ಶುದ್ಧ ಮಣ್ಣನ್ನು ತಣ್ಣೀರಲ್ಲಿ ಕಲಸಿ ಬಟ್ಟೆಯ ಮೇಲೆ ಹರಡಿ ರಾತ್ರಿ ಹೊಟ್ಟೆಗೆ ಕಟ್ಟಿಕೊಂಡರು. ಗುಣ ಕಂಡಿತು. ಅಲ್ಲಿಂದ ಮುಂದೆ ಆ ಮಣ್ಣಿನ ಪಟ್ಟಿ ಅವರ ಜತೆ ಬಿಡಲಿಲ್ಲ.

ಅದಕ್ಕೂ ಮೊದಲು, 1902ರಲ್ಲಿ, ಮುಂಬಯಿಯ ಗಿರಗಾಂವದ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಅವರೇ ಆತ್ಮಕಥೆಯಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಹತ್ತು ವರ್ಷದ ಮಗ ಮಣಿಲಾಲನಿಗೆ ಟೈಫಾಯ್ಡ್, ಜತೆಗೆ ನ್ಯುಮೋನಿಯ. ರಾತ್ರಿ ಸನ್ನಿ. ಪಾರ್ಸಿ ಡಾಕ್ಟರು ನೋಡಿ, ಔಷಧದಿಂದ ಹೆಚ್ಚೇನೂ ಆಗದು, ಮೊಟ್ಟೆ ಮತ್ತು ಕೋಳಿಯ ಸಾರು ಕೊಡಬೇಕು ಎಂದರು. ಶಾಕಾಹಾರಿ ತಂದೆ ಒಪ್ಪಲಿಲ್ಲ. ಮೂರು ನಿಮಿಷ ಮೀರದ ಕಟಿಸ್ನಾನ, ನೀರು ಬೆರೆಸಿದ ಕಿತ್ತಳೆ ರಸ, ಇಷ್ಟೇ ಉಪಚಾರ. ಜ್ವರ 104 ಡಿಗ್ರಿಗೆ ಏರಿತು. ಒದ್ದೆ ಹೊದಿಕೆಯಲ್ಲಿ ಹುಡುಗನನ್ನು ಸುತ್ತಿ, ಮೇಲೆ ಕಂಬಳಿ ಹೊದಿಸಿ, ಕಸ್ತೂರಬಾ ಅವರನ್ನು ಹತ್ತಿರ ಕೂರಿಸಿ, ತಾವು ಮನಸ್ಸು ತಡೆಯಲಾರದೆ ಚೌಪಾಟಿಗೆ ನಡೆದು ಹೋದರು. ರಾತ್ರಿ ಹತ್ತು ಗಂಟೆಯ ಹೊತ್ತು. ಮರಳಿ ಬಂದಾಗ ಹುಡುಗ ಬೆವರಿನಲ್ಲಿ ತೊಯ್ದಿದ್ದ, ಜ್ವರ ಇಳಿಯತೊಡಗಿತ್ತು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಮೊದಲನೆಯದು, ಗಾಂಧೀಜಿ ಆ ಡಾಕ್ಟರನ್ನು ಮನೆಯಿಂದ ಕಳಿಸಿಬಿಡಲಿಲ್ಲ; ಆಗಾಗ ಬಂದು ನಾಡಿ, ಎದೆ, ಶ್ವಾಸಕೋಶ ನೋಡಿ ತಮಗೆ ತಿಳಿಸುತ್ತಿರಿ ಎಂದು ಕೇಳಿಕೊಂಡರು. ಎರಡನೆಯದು, ಮಗ ಉಳಿದದ್ದು ದೇವರ ದಯೆಯಿಂದಲೋ, ಜಲಚಿಕಿತ್ಸೆಯಿಂದಲೋ, ಪಥ್ಯ ಮತ್ತು ಆರೈಕೆಯಿಂದಲೋ ಯಾರು ಹೇಳಬಲ್ಲರು ಎಂದು ಅವರೇ ಸಂದೇಹ ಉಳಿಸಿಕೊಂಡಿದ್ದಾರೆ. ಟೈಫಾಯ್ಡ್‌ಗೆ ನೇರ ಔಷಧವೇ ಇಲ್ಲದಿದ್ದ ಕಾಲ ಅದು ಎಂಬುದನ್ನೂ ನಾವು ಮರೆಯಬಾರದು. ಇಂದು ಆ ಔಷಧವಿದೆ. ಗಿರಗಾಂವದ ಸಾಹಸವನ್ನು ಇಂದಿನ ತಂದೆ ಅನುಕರಿಸಿದರೆ ಅದಕ್ಕೆ ಬೇರೆ ಹೆಸರು ಕೊಡಬೇಕಾದೀತು.

ಇನ್ನು ಪುಣೆಗೆ ಬರೋಣ. 1924ರ ಜನವರಿ. ಯರವಡಾ ಜೈಲಿನಲ್ಲಿದ್ದ ಗಾಂಧೀಜಿಗೆ ಹೊಟ್ಟೆನೋವು ವಿಪರೀತವಾಗಿ, ಅಪೆಂಡಿಸೈಟಿಸ್ ಎಂದು ಗೊತ್ತಾಗಿ, 12ರಂದು ಸಸೂನ್ ಆಸ್ಪತ್ರೆಗೆ ತಂದರು. ಮುಂಬಯಿಯ ತಮ್ಮ ಪರಿಚಯದ ಡಾಕ್ಟರುಗಳು ಬರುವಷ್ಟು ಸಮಯವಿರಲಿಲ್ಲ. ಕರ್ನಲ್ ಮ್ಯಾಡಕ್ ಎಂಬ ಇಂಗ್ಲಿಷ್ ಸರ್ಜನ್ ಆ ರಾತ್ರಿಯೇ ಕೊಯ್ಯಬೇಕೆಂದರು. ರೈಲನ್ನೂ ವಕೀಲರನ್ನೂ ಡಾಕ್ಟರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ 1909ರಲ್ಲಿ 'ಹಿಂದ್ ಸ್ವರಾಜ್' ಬರೆದಿದ್ದ ಮನುಷ್ಯ ಒಪ್ಪಿಗೆ ಕೊಟ್ಟರು. ಕೈದಿಗೆ ಏನಾದರೂ ಆದರೆ ದೇಶವೇ ಹೊತ್ತಿ ಉರಿಯುವ ಭಯ ಸರಕಾರಕ್ಕಿತ್ತು. ಹಾಗಾಗಿ ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿ ಅವರ ಎದುರು ಒಪ್ಪಿಗೆಯ ಹೇಳಿಕೆ ಬರೆಸಲಾಯಿತು. ಆಪರೇಷನ್ ನಡೆಯುತ್ತಿದ್ದಾಗ ಹೊರಗೆ ಗುಡುಗು ಮಳೆ. ವಿದ್ಯುದ್ದೀಪ ಆರಿತು. ಕೈಬ್ಯಾಟರಿಯೂ ಕೈಕೊಟ್ಟಿತು. ಕಡೆಗೆ ಲಾಟೀನಿನ ಬೆಳಕಿನಲ್ಲಿ ಮ್ಯಾಡಕ್ ಕೆಲಸ ಮುಗಿಸಿದರು. ಆ ಕೋಣೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ.

ಸಸೂನಿನ ಈ ಕಥೆ ನನಗೆ ಹತ್ತಿರವಾದದ್ದಕ್ಕೆ ಸ್ವಂತ ಕಾರಣವೊಂದಿದೆ. ಪುಣೆಗೆ ನೌಕರಿಗೆಂದು ಬಂದ ಹೊಸತು. ಬಾಗಲಕೋಟೆ ಕಡೆಯಿಂದ ತಾಯಿ ನಮ್ಮ ಎರಡು ಕೋಣೆಯ ಮನೆಗೆ ಬಂದಿದ್ದಳು. ಅವಳ ಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಜತೆಗೆ ಅಳಲೆಕಾಯಿ, ಬಜೆ, ಓಮಿನ ಕಾಳು, ಒಂದು ಸೀಸೆ ಹರಳೆಣ್ಣೆ, ಹೀಗೆ ಅರ್ಧ ಔಷಧದಂಗಡಿಯೇ ಇತ್ತು. ಒಂದು ರಾತ್ರಿ ನನಗೆ ಹೊಕ್ಕುಳ ಸುತ್ತ ನೋವು ಶುರುವಾಗಿ ಬಲಗಡೆಗೆ ಇಳಿಯಿತು. "ಹೊಟ್ಟಿ ಕಟ್ಟೇದ, ಹರಳೆಣ್ಣಿ ಕುಡಿ, ಬೆಳಗಾಗೂದ್ರಾಗ ಹಗುರಾಗ್ತದ" ಎಂದಳು ತಾಯಿ. ಬಾಲ್ಯದಿಂದ ನೂರು ಸಲ ಕುಡಿದ ಮದ್ದು; ಕುಡಿದೆ. ಹಗುರಾಗಲಿಲ್ಲ. ನಸುಕಿನಲ್ಲಿ ಪಕ್ಕದ ಮನೆಯ ಮರಾಠಿ ಗೃಹಸ್ಥರು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಅಪೆಂಡಿಕ್ಸ್ ಬಾತಿರುವಾಗ ಭೇದಿಯ ಔಷಧ ಕೊಟ್ಟರೆ ಅದು ಒಡೆದುಹೋಗಬಹುದು ಎಂದು ಸರ್ಜನ್ ಗದರಿದರು. ಪುಣ್ಯಕ್ಕೆ ಒಡೆದಿರಲಿಲ್ಲ. ತಾಯಿ ಮಾತ್ರ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ತಾನೇ ಮಗನನ್ನು ಕೊಲ್ಲುತ್ತಿದ್ದೆ ಎಂಬ ಅಳು. ಆಗ ನಾನು ಹಾಸಿಗೆಯಲ್ಲಿ ಮಲಗಿಯೇ ಅವಳಿಗೆ ಸಸೂನಿನ ಕಥೆ ಹೇಳಿದೆ. ಲಾಟೀನಿನ ಮಾತು ಬಂದಾಗ ಕಣ್ಣೊರೆಸಿಕೊಂಡು, "ಗಾಂಧಿಯವರಿಗೂ ಕೊಯ್ದಿದ್ರನು? ಹಂಗಾರ ನಿನಗ ಕೊಯ್ದದ್ದು ಏನೂ ತಪ್ಪಲ್ಲ ಬಿಡು" ಎಂದಳು. ಅಂದು ಉಂಡಳು.

ಸಸೂನಿನಲ್ಲಿ ಕೊಯ್ಯಿಸಿಕೊಂಡ ಮೇಲೂ ಗಾಂಧೀಜಿ ಮಣ್ಣು, ನೀರು, ಪಥ್ಯಗಳನ್ನು ಬಿಡಲಿಲ್ಲ. 1927ರ ಮಾರ್ಚಿನಲ್ಲಿ ಕೊಲ್ಲಾಪುರ, ನಿಪ್ಪಾಣಿ ಕಡೆಯ ಪ್ರವಾಸದಲ್ಲಿ ರಕ್ತದೊತ್ತಡ ಏರಿ ಕುಸಿದಾಗ ಅವರನ್ನು ನಮ್ಮ ನಂದಿಬೆಟ್ಟಕ್ಕೆ ಕರೆತಂದರು; ಬೇಸಿಗೆಯ ಆರೇಳು ವಾರ ಅಲ್ಲಿಯ ತಂಪು ಗಾಳಿಯೂ ವಿಶ್ರಾಂತಿಯೂ ಮುಖ್ಯ ಔಷಧವಾದವು. ಆಗ ವಿಶ್ರಾಂತಿ ಹೇಳಿದವರು ಡಾಕ್ಟರುಗಳೇ.

1942ರ ಆಗಸ್ಟ್ 9ರಂದು ಅವರನ್ನು ಬಂಧಿಸಿ ಆಗಾಖಾನ್ ಅರಮನೆಯಲ್ಲಿಟ್ಟರು. ವಾರದೊಳಗೆ, 15ರಂದು, ಮಹಾದೇವ ದೇಸಾಯಿ ತೀರಿಕೊಂಡರು. ಆ ದುಃಖ ಹಸಿಯಾಗಿದ್ದಾಗಲೇ, ಆ ತಿಂಗಳ ಕೊನೆಯಲ್ಲಿ, ಗಾಂಧೀಜಿ ಆರೋಗ್ಯದ ಮೇಲೊಂದು ಸಣ್ಣ ಪುಸ್ತಕ ಬರೆಯಲು ಕೂತರು; ಡಿಸೆಂಬರಿನಲ್ಲಿ ಮುಗಿಸಿದರು. ಅದೇ 'ಆರೋಗ್ಯದ ಕೀಲಿಕೈ'. ಗಾಳಿ, ನೀರು, ಆಹಾರ, ಚಹಾ ಕಾಫಿ, ತಂಬಾಕು, ಕೊನೆಗೆ ಪಂಚಭೂತಗಳಿಂದ ಉಪಚಾರ. ಮಣ್ಣಿನ ಪಟ್ಟಿ ಆರಂಗುಲ ಉದ್ದ, ಮೂರಂಗುಲ ಅಗಲ, ಅರ್ಧ ಅಂಗುಲ ದಪ್ಪ ಇರಬೇಕೆಂದು ಅಳತೆಯನ್ನೂ ಕೊಟ್ಟಿದ್ದಾರೆ. ಗುಜರಾತಿಯಲ್ಲಿದ್ದ ಈ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಜತೆಯಲ್ಲಿಯೇ ಸೆರೆಯಲ್ಲಿದ್ದ ಸುಶೀಲಾ ನಯ್ಯರ್. ಅವರು ಆಧುನಿಕ ವೈದ್ಯ ಓದಿದ ಡಾಕ್ಟರು ಎಂಬುದು ಗಮನಿಸತಕ್ಕ ಮಾತು.

ಈಗ ಸಮಾಧಿಯ ಮುಂದಿನ ಪ್ರಶ್ನೆಗೆ ಬರಬಹುದು. ಕಸ್ತೂರಬಾ ಅವರಿಗೆ ಹಳೆಯ ಶ್ವಾಸನಾಳದ ಕಾಯಿಲೆ, ಹೃದಯದ ತೊಂದರೆ. 1944ರ ಆರಂಭದಲ್ಲಿ ಸ್ಥಿತಿ ಕೆಟ್ಟಿತು. ಹೃದಯರೋಗ ತಜ್ಞ ಡಾ. ಗಿಲ್ಡರ್ ಮತ್ತು ಸುಶೀಲಾ ನಯ್ಯರ್ ಸೆರೆಯಲ್ಲಿಯೇ ಇದ್ದರು. ಕಸ್ತೂರಬಾ ಅವರ ಇಚ್ಛೆಯಂತೆ ಪುಣೆಯ ಪ್ರಕೃತಿ ಚಿಕಿತ್ಸಕ ಡಾ. ದಿನ್ಶಾ ಮೆಹ್ತಾ ಅವರಿಗೂ, ಲಾಹೋರಿನ ಆಯುರ್ವೇದ ಪಂಡಿತ ಶಿವಶರ್ಮರಿಗೂ ಬರಲು ಸರಕಾರ ತಡಮಾಡಿ ಅನುಮತಿ ಕೊಟ್ಟಿತು. ರಾತ್ರಿ ಒಳಗಿರಲು ವೈದ್ಯರಿಗೆ ಅಪ್ಪಣೆಯಿಲ್ಲ. ಪಾಪ, ಶಿವಶರ್ಮರು ಗೇಟಿನ ಹೊರಗೆ ಕಾರಿನಲ್ಲಿಯೇ ಮಲಗುತ್ತಿದ್ದರು. ಒಂದೇ ಮಂಚದ ಸುತ್ತ ಮೂರು ವೈದ್ಯಪದ್ಧತಿಗಳು ಕೈಜೋಡಿಸಿ ನಿಂತಿದ್ದವು. ಜಗಳವಾಡಿದ ದಾಖಲೆ ಇಲ್ಲ.

ಕೊನೆಗೆ ಮಗ ದೇವದಾಸರು ಆಗ ದೇಶದಲ್ಲಿ ಬಲು ಅಪರೂಪವಾಗಿದ್ದ ಪೆನಿಸಿಲಿನ್ ಅನ್ನು ಕಲ್ಕತ್ತೆಯಿಂದ ವಿಮಾನದಲ್ಲಿ ತರಿಸಿದರು. ಕೆಲವು ತಾಸಿಗೊಮ್ಮೆ ಸೂಜಿ ಚುಚ್ಚಬೇಕಾಗುತ್ತದೆಂದು ತಿಳಿದು ಗಾಂಧೀಜಿ ಬೇಡವೆಂದರು. ಸಾವಿನ ಅಂಚಿನಲ್ಲಿರುವ ಆಕೆಯನ್ನು ಇನ್ನು ನೋಯಿಸುವುದೇಕೆ, ದೇವರಿಗೆ ಬಿಡು ಎಂದು ಮಗನಿಗೆ ಹೇಳಿದರು. ಫೆಬ್ರವರಿ 22, ಶಿವರಾತ್ರಿಯ ಸಂಜೆ, ಪತಿಯ ತೊಡೆಯ ಮೇಲೆ ತಲೆಯಿಟ್ಟು ಆಕೆ ಕೊನೆಯುಸಿರೆಳೆದರು.

ಆ ಹೊತ್ತಿಗೆ ಡಾಕ್ಟರುಗಳೂ ಆಸೆ ಬಿಟ್ಟಿದ್ದರು, ಪೆನಿಸಿಲಿನ್ ಹೃದಯವನ್ನು ಸರಿಪಡಿಸುತ್ತಿರಲಿಲ್ಲ ಎಂದು ನಾನು ನೆಂಟರಿಗೆ ಹೇಳುತ್ತೇನೆ. ಅದು ನಿಜವೇ. ಆದರೆ ವಿಮಾನದಲ್ಲಿ ಔಷಧ ತರಿಸಿ ಕಾದು ನಿಂತ ಮಗನ ಮುಖ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಲಾಟೀನಿನ ಕೆಳಗೆ ಮಲಗಿದಾತ ತನ್ನ ದೇಹಕ್ಕೆ ಒಪ್ಪಿದ್ದನ್ನು ಆಕೆಯ ದೇಹಕ್ಕೆ ಒಪ್ಪಲಿಲ್ಲವೇ ಎಂಬ ತಕರಾರು ಮನಸ್ಸಿನಲ್ಲಿ ಉಳಿದೇ ಇದೆ.

ಸೆರೆಯಿಂದ ಬಿಡುಗಡೆಯಾದ ಮೇಲೆ ಗಾಂಧೀಜಿ ಪುಣೆಗೆ ಬಂದಾಗ ದಿನ್ಶಾ ಮೆಹ್ತಾ ಅವರ ಟಾಡೀವಾಲಾ ರಸ್ತೆಯ ಚಿಕಿತ್ಸಾಲಯದಲ್ಲಿ ಇಳಿಯತೊಡಗಿದರು. 1945ರಲ್ಲಿ ಸೆರೆವಾಸದಿಂದ ಕರುಳಿನ ಬೇನೆ ಹೊತ್ತು ಬಂದ ಸರ್ದಾರ್ ಪಟೇಲರನ್ನೂ ಅಲ್ಲಿಗೆ ಕರೆತಂದು ಉಪಚಾರ ಮಾಡಿಸಿದರು. ಅದೇ ವರ್ಷ ನವೆಂಬರ್ 18ರಂದು ಪ್ರಕೃತಿ ಚಿಕಿತ್ಸೆಗಾಗಿ ಒಂದು ಟ್ರಸ್ಟ್ ಆಯಿತು. ಗಾಂಧೀಜಿ ಅದರ ಅಧ್ಯಕ್ಷರು. 2018ರಿಂದ ಆ ದಿನವನ್ನೇ ದೇಶದಲ್ಲಿ ಪ್ರಕೃತಿ ಚಿಕಿತ್ಸಾ ದಿನವೆಂದು ಆಚರಿಸುತ್ತಿದ್ದಾರೆ. ಆ ಚಿಕಿತ್ಸಾಲಯವೇ ಇಂದಿನ ಬಾಪೂ ಭವನ. 1986ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ಅಲ್ಲಿ ಆರಂಭವಾಯಿತು.

ಆದರೆ ಗಾಂಧೀಜಿಗೆ ಬೇಗನೆ ಒಂದು ಮುಜುಗರ ಶುರುವಾಯಿತು. ಅಲ್ಲಿಗೆ ಬರುವವರು ಹೆಚ್ಚಾಗಿ ಅನುಕೂಲಸ್ಥರು. ಬಡವರಿಗಾಗಿ ಮಾಡಹೊರಟ ಕೆಲಸವನ್ನು ಶಹರದ ನಡುವೆ ಮಾಡಲು ನೋಡಿದ್ದು ತಮ್ಮ ಮೂರ್ಖತನ ಎಂಬರ್ಥದಲ್ಲಿ ಅವರು 'ಹರಿಜನ' ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಬಡವ ಚಿಕಿತ್ಸಾಲಯವನ್ನು ಹುಡುಕಿಕೊಂಡು ಬರಲಾರ, ಚಿಕಿತ್ಸೆಯೇ ಅವನ ಹಳ್ಳಿಗೆ ಹೋಗಬೇಕು. 1946ರ ಮಾರ್ಚಿನಲ್ಲಿ ಅವರು ಉರುಳಿ ಕಾಂಚನಕ್ಕೆ ಹೋಗಿ ಒಂದು ವಾರ ನಿಂತು ಸ್ವತಃ ರೋಗಿಗಳನ್ನು ನೋಡಿದರು. ಸೂರ್ಯಸ್ನಾನ, ಕಟಿಸ್ನಾನ, ಪಥ್ಯ, ರಾಮನಾಮ. ಊರಿನ ಕೊಳೆ ತೆಗೆಯುವುದೂ ಚಿಕಿತ್ಸೆಯ ಒಂದು ಭಾಗ. ಎಕ್ಸ್‌ರೇ, ಸೂಕ್ಷ್ಮದರ್ಶಕ ಬೇಡವೆಂದರು. ಇದನ್ನು ನಾನು ಒಪ್ಪಲಾರೆ. ಆದರೆ ಚರಂಡಿಯನ್ನು ಔಷಧಗಳ ಪಟ್ಟಿಯಲ್ಲಿ ಸೇರಿಸಿದ್ದು ಕೂನೆ, ಯುಸ್ಟ್‌ರಿಗಿಂತ ದೊಡ್ಡ ಮಾತೆಂದು ನನಗೆ ತೋರುತ್ತದೆ.

ಊರಿನ ಮಹಾದೇವ ತಾತ್ಯಾಬಾ ಕಾಂಚನ ಎಂಬವರು ಜಮೀನು ಕೊಟ್ಟರು. ಏಪ್ರಿಲ್ 1ರಂದು ನಿಸರ್ಗೋಪಚಾರ ಆಶ್ರಮ ಸ್ಥಾಪನೆಯಾಯಿತು. ಗಾಂಧೀಜಿ ದಿಲ್ಲಿಗೆ ಹೋದರು. ನಡೆಸುವ ಹೊಣೆ ಬಿದ್ದದ್ದು ಮಣಿಭಾಯಿ ದೇಸಾಯಿ ಎಂಬ ಗುಜರಾತಿ ಯುವಕನ ಮೇಲೆ. ಅವರು ರೋಗಿಗಳ ಆಹಾರಕ್ಕೆ ಹಾಲು ಬೇಕೆಂದು ಹಸು ಸಾಕಿದರು, ಹಸುವಿನ ತಳಿ ಸುಧಾರಣೆಗೆ ಕೈಹಾಕಿದರು, ಬರಡು ನೆಲದಲ್ಲಿ ದ್ರಾಕ್ಷಿ ಬೆಳೆಸಿದರು, 1967ರಲ್ಲಿ ಅದಕ್ಕೆಂದೇ ಬೈಫ್ ಸಂಸ್ಥೆ ಕಟ್ಟಿದರು. 1982ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೈಫ್ ಕರ್ನಾಟಕದ ಹಳ್ಳಿಗಳಲ್ಲಿಯೂ ಹೈನುಗಾರಿಕೆಯ ಕೆಲಸ ಮಾಡಿದೆ. ಇನ್ನೊಂದೆಡೆ, 1989ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯವರು ಪ್ರಕೃತಿ ಚಿಕಿತ್ಸೆಯ ಕಾಲೇಜು ತೆರೆದರು. ಅಲ್ಲಿ ಕಲಿಯುವವರು ಮಣ್ಣಿನ ಪಟ್ಟಿಯ ಜತೆಗೆ ಶರೀರಶಾಸ್ತ್ರ, ರೋಗನಿದಾನಗಳನ್ನೂ ಓದುತ್ತಾರೆ.

ಪುಣೆಯಿಂದ ಕಲಬುರಗಿ, ರಾಯಚೂರು ಕಡೆಗೆ ಹೊರಟ ರೈಲು ದೌಂಡ್ ಮುಟ್ಟುವ ಮೊದಲು ಉರುಳಿಯನ್ನು ಹಾಯ್ದು ಹೋಗುತ್ತದೆ. ಹೆಚ್ಚಿನ ಗಾಡಿಗಳು ನಿಲ್ಲುವುದಿಲ್ಲ. ಒಂದು ವಾರ ಇದ್ದು ಹೋದ ಗಾಂಧೀಜಿಗೆ ಕೊಟ್ಟ ಮಾತಿನಂತೆ ಮಣಿಭಾಯಿ ಆ ಹಳ್ಳಿಯನ್ನೇ ತಮ್ಮದಾಗಿಸಿಕೊಂಡು, 1993ರಲ್ಲಿ ತೀರಿಕೊಳ್ಳುವವರೆಗೆ ಅದರ ಕೆಲಸವನ್ನು ಬಿಡಲಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಕಿಟಕಿಯ ಹತ್ತಿರ ಕೂತವರು ಒಮ್ಮೆ ಆ ಹೆಸರಿನ ಹಲಗೆ ನೋಡಿ.