ಕಲ್ಲಿದ್ದಲು ಹೋಯಿತು, ಬೆಟ್ಟ ಉಳಿಯಿತು

1961ರ ಮೇ 29. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ವೆಲ್ಚ್ ಎಂಬ ಪುಟ್ಟ ಪಟ್ಟಣ. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕನೊಬ್ಬ ಹೆಂಡತಿಯೊಡನೆ ಬಂದಿದ್ದ. ಮನೆಯಲ್ಲಿ ಹದಿನೈದು ಹೊಟ್ಟೆಗಳು. ದೇಶದ ಕೃಷಿ ಸಚಿವರೇ ಖುದ್ದಾಗಿ ಬಂದು ಅವರ ಕೈಗೆ 95 ಡಾಲರ್ ಬೆಲೆಯ ಆಹಾರ ಚೀಟಿಗಳನ್ನಿತ್ತರು. ಎರಡನೆಯ ಮಹಾಯುದ್ಧದ ಕಾಲಕ್ಕೆ ನಿಂತುಹೋಗಿದ್ದ ಯೋಜನೆಯೊಂದು ಹೀಗೆ ಮತ್ತೆ ಆರಂಭವಾಯಿತು. ಚೀಟಿ ಹಿಡಿದು ಅಂಗಡಿಗೆ ಹೋದ ಆ ದಂಪತಿ ಮೊದಲು ಕೊಂಡದ್ದು ಒಂದು ಡಬ್ಬಿ ಬೀನ್ಸ್. ಪತ್ರಿಕೆಗಳಲ್ಲಿ ಅವರ ಫೋಟೋ ಬಂತು. ಬಡವನ ಮನೆಯ ಹಸಿವು ಸುದ್ದಿಯಾಗುವಾಗ ಆ ಬಡವನ ಮುಖಕ್ಕೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ.

ಈ ಪಟ್ಟಣ ಮ್ಯಾಕ್‌ಡೊವೆಲ್ ಕೌಂಟಿಯ ಕೇಂದ್ರ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಆಶ್ಚರ್ಯದ ಸಂಗತಿಯೆಂದರೆ, ಅಮೆರಿಕದಲ್ಲಿ ಅತ್ಯಂತ ಹೆಚ್ಚು ಕಲ್ಲಿದ್ದಲು ತೆಗೆಯುತ್ತಿದ್ದ ಸ್ಥಳಗಳಲ್ಲಿ ಇದೂ ಒಂದು. ಇಲ್ಲಿನ ಕಲ್ಲಿದ್ದಲಿಲ್ಲದೆ ದೂರದ ನಗರಗಳ ಉಕ್ಕಿನ ಕುಲುಮೆಗಳು ಉರಿಯುತ್ತಿರಲಿಲ್ಲ. ಅಂಥ ನೆಲದವನಿಗೇ ಊಟದ ಚೀಟಿ ಮೊದಲು ಬೇಕಾಯಿತು.

1880ರ ಜನಗಣತಿಯಲ್ಲಿ ಇಲ್ಲಿದ್ದವರು 3,074 ಮಂದಿ. ಕಡಿದಾದ ಬೆಟ್ಟಗಳ ನಡುವೆ ಮೆಕ್ಕೆಜೋಳ ಬೆಳೆದು, ಬೇಟೆಯಾಡಿ ಬದುಕುತ್ತಿದ್ದವರು. 1888ರಲ್ಲಿ ಎಲ್ಕ್‌ಹಾರ್ನ್ ಸುರಂಗ ಕೊರೆದು ರೈಲು ಒಳಬಂತು. ಅಷ್ಟರೊಳಗೆ ನೆಲದಡಿಯ ಹಕ್ಕುಗಳನ್ನು ಹೊರಗಿನ ಕಂಪೆನಿಗಳು ಕೊಳ್ಳತೊಡಗಿದ್ದವು. ಕಣಿವೆಯ ಮನೆಗಳು ಕಂಪೆನಿಯವು, ಅಂಗಡಿ ಕಂಪೆನಿಯದು. ಮಜೂರಿಯ ಒಂದು ಪಾಲು ಕಂಪೆನಿಯ ಬಿಲ್ಲೆಗಳಲ್ಲಿ ಸಿಗುತ್ತಿತ್ತು. ಅವು ಆ ಅಂಗಡಿಯಲ್ಲಿ ಮಾತ್ರ ಚಲಾವಣೆ. ಗಣಿಯಲ್ಲಿ ಗಳಿಸಿದ್ದು ಗಣಿಯ ಮಾಲೀಕನಿಗೇ ಮರಳುತ್ತಿತ್ತು.

ಕೆಲಸಕ್ಕೆ ಹಂಗೇರಿ, ಇಟಲಿ, ಪೋಲೆಂಡುಗಳಿಂದ ಜನ ಬಂದರು. ದಕ್ಷಿಣದ ಹತ್ತಿ ಹೊಲಗಳಿಂದ ಕಪ್ಪು ಜನರೂ ಸಾವಿರಗಟ್ಟಲೆ ಬಂದರು. ಈ ಭಾಗವನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು. ನೆರೆಯ ವರ್ಜೀನಿಯಾದಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ನಾನಾ ನೆಪಗಳಿಂದ ಕಿತ್ತುಕೊಂಡಿದ್ದ ಕಾಲದಲ್ಲಿ, ಇಲ್ಲಿ ಅವರು ಮತ ಹಾಕುತ್ತಿದ್ದರು. ಅಗೆದ ಟನ್ನಿನ ಲೆಕ್ಕದಲ್ಲಿ ಮಜೂರಿ, ಟನ್ನಿಗೆ ಬಣ್ಣವಿರಲಿಲ್ಲ. ಶಾಲೆಗಳು ಮಾತ್ರ ಬೇರೆ ಬೇರೆಯೇ ಇದ್ದವು, ಅದನ್ನು ಮರೆಮಾಚಬೇಕಿಲ್ಲ. 1928ರಲ್ಲಿ ಈ ಕೌಂಟಿಯ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್, ತೀರಿಕೊಂಡ ಗಂಡನ ಸ್ಥಾನಕ್ಕೆ ನೇಮಕಗೊಂಡು, ಅಮೆರಿಕದ ಶಾಸನಸಭೆಯೊಂದರ ಮೊದಲ ಕಪ್ಪು ಮಹಿಳಾ ಸದಸ್ಯೆಯಾದರು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ ಅದೇ ವರ್ಷ ಕಿಂಬಲ್ ಎಂಬ ಊರಲ್ಲಿ ಒಂದು ಭವ್ಯ ಕಟ್ಟಡವೂ ಎದ್ದಿತು.

ಸಂಘ ಕಟ್ಟಲು ಮಾತ್ರ ಬಿಡುತ್ತಿರಲಿಲ್ಲ. ಪಕ್ಕದ ಮಿಂಗೊ ಕೌಂಟಿಯ ಮೇಟ್‌ವಾನ್ ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಕಾರ್ಮಿಕರ ಪರ ನಿಂತವನು. ಮೊಕದ್ದಮೆಯೊಂದಕ್ಕಾಗಿ 1921ರ ಆಗಸ್ಟ್ 1ರಂದು ವೆಲ್ಚ್‌ನ ನ್ಯಾಯಾಲಯಕ್ಕೆ ಹೆಂಡತಿಯ ಜೊತೆ ಬಂದ ಅವನನ್ನೂ, ಗೆಳೆಯ ಎಡ್ ಚೇಂಬರ್ಸ್‌ನನ್ನೂ ಕಂಪೆನಿಗಳ ಖಾಸಗಿ ಪತ್ತೇದಾರರು ಮೆಟ್ಟಿಲ ಮೇಲೆಯೇ ಗುಂಡಿಟ್ಟು ಕೊಂದರು. ಆ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ತಿಂಗಳ ಕೊನೆಗೆ ಸಾವಿರಾರು ಗಣಿ ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಬೆಟ್ಟದತ್ತ ನಡೆದರು; ಅವರನ್ನು ತಡೆಯಲು ಕೇಂದ್ರದ ಸೈನ್ಯವೇ ಬರಬೇಕಾಯಿತು.

ಮುಂದೆ 1930ರ ದಶಕದಲ್ಲಿ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಮಜೂರಿ ಏರಿತು. ಆದರೂ 1940ರ ಜನವರಿ 10ರಂದು ಬಾರ್ಟ್ಲಿ ಗಣಿಯ ಸ್ಫೋಟದಲ್ಲಿ 91 ಮಂದಿ ಸತ್ತರು. 1950ರಲ್ಲಿ ಕೌಂಟಿಯ ಜನಸಂಖ್ಯೆ 98,887. ಶನಿವಾರ ಸಂಜೆ ವೆಲ್ಚ್‌ನ ಬೀದಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ.

ಅಲ್ಲಿಂದಲೇ ಇಳಿಜಾರು. ನೆಲದಡಿ ಕಲ್ಲಿದ್ದಲು ಮುಗಿದಿರಲಿಲ್ಲ, ಅದನ್ನು ಅಗೆಯಲು ಮನುಷ್ಯ ಬೇಡವಾದ. ಹಲವರ ಕೆಲಸವನ್ನು ಒಂದು ಯಂತ್ರ ಮಾಡತೊಡಗಿತು. ಕಾರ್ಮಿಕ ನಾಯಕ ಜಾನ್ ಎಲ್. ಲೂಯಿಸ್ 1950ರ ಒಪ್ಪಂದದಲ್ಲಿ ಯಂತ್ರಗಳಿಗೆ ತಡೆಯೊಡ್ಡದೆ, ಬದಲಿಗೆ ಪಿಂಚಣಿ ಮತ್ತು ಚಿಕಿತ್ಸಾ ನಿಧಿಯನ್ನು ಭದ್ರಪಡಿಸಿಕೊಂಡ. ಕೆಲಸ ಉಳಿದವರಿಗೆ ಅದು ವರವಾಯಿತು, ಹೋದವರನ್ನು ಕೇಳುವವರಿರಲಿಲ್ಲ. ರೈಲುಗಳೂ ಡೀಸೆಲ್‌ಗೆ ಬದಲಾದವು. ದೇಶದ ಗಣಿ ಕಾರ್ಮಿಕರ ಸಂಖ್ಯೆ ಹತ್ತೇ ವರ್ಷಗಳಲ್ಲಿ 4 ಲಕ್ಷಕ್ಕೂ ಮೇಲಿದ್ದದ್ದು 2 ಲಕ್ಷಕ್ಕಿಂತ ಕೆಳಗಿಳಿಯಿತು. 1960ರ ಚುನಾವಣಾ ಪ್ರಚಾರಕ್ಕೆ ಇಲ್ಲಿಗೆ ಬಂದ ಕೆನಡಿ ಕಂಡದ್ದು ಈ ಹಸಿವನ್ನು. ಆ ಆಹಾರ ಚೀಟಿಯ ಹಿಂದಿದ್ದದ್ದು ಇದೇ.

ಕಪ್ಪು ಕಾರ್ಮಿಕರೇ ಮೊದಲು ಕೆಲಸ ಕಳೆದುಕೊಂಡರೆಂಬುದನ್ನೂ ಹೇಳಬೇಕು. ಕೈಯಿಂದ ತುಂಬುವ ಕೆಲಸದಲ್ಲಿ ಅವರೇ ಹೆಚ್ಚಿದ್ದರು, ಯಂತ್ರ ನುಂಗಿದ್ದು ಆ ಕೆಲಸವನ್ನು. ಗಾಡಿ ಕಟ್ಟಿ ಉತ್ತರದ ಕಾರ್ಖಾನೆ ನಗರಗಳಿಗೆ ಹೊರಟುಹೋದರು.

1980ರ ದಶಕದಲ್ಲಿ ಗೇರಿಯ ದೊಡ್ಡ ಗಣಿಗಳೂ ಮುಚ್ಚಿದವು. 2016ರಲ್ಲಿ ವಾಲ್‌ಮಾರ್ಟ್ ಮಳಿಗೆ ಬಾಗಿಲು ಹಾಕಿತು. 2020ರ ಜನಗಣತಿಯಲ್ಲಿ ಉಳಿದವರು 19,111. ಹೆಚ್ಚುಕಡಿಮೆ 1900ರಲ್ಲಿದ್ದಷ್ಟೇ ಜನ.

ಕಿಂಬಲ್‌ನ ಆ ಸ್ಮಾರಕ 1991ರಲ್ಲಿ ಬೆಂಕಿಗೆ ಸಿಕ್ಕಿ ಗೋಡೆಗಳಷ್ಟೇ ಉಳಿದಿದ್ದವು. ಆಮೇಲೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಕಣಿವೆ ಕಿರಿದು, ಸಮತಟ್ಟಾದ ನೆಲವೆಲ್ಲ ಹಳಿಗೂ ಕಂಪೆನಿಗೂ ಹೋಗಿ, ಮನೆಗಳು ಹೊಳೆಯಂಚಿಗೆ ಒತ್ತರಿಸಿ ನಿಂತಿವೆ. 2025ರ ಫೆಬ್ರವರಿಯ ಮಳೆಗೆ ಆ ಹೊಳೆಗಳು ಮತ್ತೆ ಉಕ್ಕಿ ಮೂವರನ್ನು ಬಲಿ ತೆಗೆದುಕೊಂಡವು. ನೀರಿಳಿದ ಮೇಲೆ ಜನ ಕೆಸರು ಬಾಚಿ, ಅದೇ ಮನೆಗಳ ಬಾಗಿಲು ತೆರೆದರು.