ಒಂದು ಬಲ್ಬಿನ ಮನೆಗೆ ಕರೆಂಟಿನ ಕಾರು

ನಮ್ಮ ಸೊರಬದ ಕಡೆ ಇವತ್ತಿಗೂ ಕರೆಂಟು ಹೋದರೆ ಜನ ಹೇಳೋದು "ಕೆಇಬಿಯವರಿಗೆ ಫೋನ್ ಮಾಡು" ಅಂತಲೇ. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯ ಕೆಲಸ ಬೇರೆಯಾಗಿ ಶಿವಮೊಗ್ಗ ಜಿಲ್ಲೆ ಮೆಸ್ಕಾಂ ಪಾಲಿಗೆ ಬಂತು. ಆದರೂ ಬಾಯಲ್ಲಿ ಕೆಇಬಿ ಉಳಿದುಬಿಟ್ಟಿದೆ. ಮನೆಯೊಳಗಿನ ವೈರಿಂಗಿನ ಕಥೆಯೂ ಹೆಚ್ಚುಕಮ್ಮಿ ಹೀಗೇ. ಮನೆ ಮುಂದೆ ಹೊಸ ಕಾಲ ಬಂದು ನಿಂತಿದೆ, ಗೋಡೆಯ ಮೇಲೆ ಇನ್ನೂ ಹಳೇ ಕಾಲದ ತಂತಿಯೇ ಓಡಾಡುತ್ತಿದೆ.

ಈ ಮಾತು ಈಗ ಯಾಕೆ ಅಂದರೆ, ಬೆಂಗಳೂರಲ್ಲಿರುವ ನಮ್ಮ ಭಾವ ಕರೆಂಟಿನ ಕಾರು ತಗೊಂಡಿದ್ದಾರೆ. "ಕುಪ್ಪಗಡ್ಡೆ ಮನೇಲೂ ಒಂದು ಚಾರ್ಜರ್ ಹಾಕಿಸಿಬಿಡೋಣ, ಯಾರನ್ನ ಕರೆಸೋದು?" ಅಂತ ಕೇಳಿದರು. ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಈ "ಯಾರನ್ನ ಕರೆಸೋದು" ಅನ್ನೋದರ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ ಅಂತ.

ಮೈಸೂರು ಸಂಸ್ಥಾನದಲ್ಲಿ ಕರೆಂಟು ಹುಟ್ಟಿದ್ದು 1902ರಲ್ಲಿ, ಶಿವನಸಮುದ್ರದಲ್ಲಿ. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಆ ಕಾಲಕ್ಕೆ ಅದು ಪ್ರಪಂಚದ ಉದ್ದನೆಯ ಲೈನುಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಅಂದರೆ ನಮ್ಮಲ್ಲಿ ಕರೆಂಟು ಮೊದಲು ಹೋಗಿದ್ದು ಗಣಿಗೆ, ಆಮೇಲೆ ರಾಜಧಾನಿಗೆ. ಹಳ್ಳಿ ಮನೆಯ ನೆನಪು ಯಾರಿಗೂ ಇನ್ನೂ ಬಂದಿರಲಿಲ್ಲ.

ನಮ್ಮ ಜಿಲ್ಲೆಯ ಸರದಿ ಜೋಗದ ಮೂಲಕ ಬಂತು. 1948ರಲ್ಲಿ ಜೋಗದ ಕೆಳಗಿನ ವಿದ್ಯುದಾಗಾರ ಶುರುವಾಯಿತು, ಈಗ ಅದಕ್ಕೆ ಮಹಾತ್ಮಾ ಗಾಂಧಿ ಹೆಸರಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ವಿದ್ಯುದಾಗಾರ ಬೆಳೆದು 1035 ಮೆಗಾವ್ಯಾಟ್ ಮುಟ್ಟಿತು. ಇಡೀ ರಾಜ್ಯದ ದೀಪ ಉರಿಸಿದ್ದು ನಮ್ಮ ಪಕ್ಕದ ನದಿ. ಆದರೆ ಹಿನ್ನೀರಿನ ಎಷ್ಟೋ ಹಳ್ಳಿಗಳಲ್ಲಿ ದಶಕಗಳವರೆಗೆ ಬುಡ್ಡಿದೀಪವೇ ಗತಿ. ದೀಪದ ಬುಡದಲ್ಲಿ ಕತ್ತಲೆ ಅನ್ನೋ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಹೀಗೆ ತಡವಾಗಿ ಬಂದ ಕರೆಂಟು ಹಳ್ಳಿ ಮನೆಗೆ ಬಂದಿದ್ದು ತೀರಾ ಸಣ್ಣದಾಗಿ. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಕೊಟ್ಟಿದ್ದು ಒಂದೇ ಬಲ್ಬಿನ ಸಂಪರ್ಕ. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಮರದ ರೀಪು ಹೊಡೆದು, ಅದರ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ವೈರು ಕೂರಿಸಿ, ನಾಲ್ಕು ಬಲ್ಬು, ಒಂದು ರೇಡಿಯೋ ಪ್ಲಗ್. ಕಪ್ಪು ದುಂಡು ಸ್ವಿಚ್ಚು, ಪಿಂಗಾಣಿಯ ಫ್ಯೂಸು. ಫ್ಯೂಸ್ ಹೋದರೆ ಕೈಗೆ ಸಿಕ್ಕ ತಂತಿಯ ಎಳೆ ಸುತ್ತೋದು! ನಿಮ್ಮನೇಲೂ ನೋಡಿರ್ತೀರಿ.

ಈ ವೈರಿಂಗ್ ಮಾಡುತ್ತಿದ್ದವರು ಯಾರು? ಕಾನೂನು ಏನು ಹೇಳುತ್ತಿತ್ತು ಅಂತ ಮೊದಲು ನೋಡೋಣ. 1910ರಲ್ಲೇ ಬ್ರಿಟಿಷರ ವಿದ್ಯುತ್ ಕಾಯ್ದೆ ಬಂದಿತ್ತು. ಅದರಡಿ 1956ರಲ್ಲಿ ಭಾರತೀಯ ವಿದ್ಯುತ್ ನಿಯಮಗಳು ಬಂದವು. ಅದರ 45ನೇ ನಿಯಮ ನನಗೆ ಬಹಳ ಇಷ್ಟವಾದದ್ದು. ನನ್ನ ಮಾತಲ್ಲಿ ಅದರ ಸಾರಾಂಶ ಹೇಳೋದಾದರೆ: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಕೆಲಸ, ಅಂದರೆ ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಬದಲಿಸದ ಕೆಲಸವನ್ನು ಯಾರು ಬೇಕಾದರೂ ಮಾಡಿಕೊಳ್ಳಿ. ಅದನ್ನು ಮೀರಿದ ಕೆಲಸವನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಿಸಬೇಕು, ಅರ್ಹತಾಪತ್ರ ಇರುವ ಸೂಪರ್‌ವೈಸರ್ ಎದುರಿಗೇ ನಿಂತು ನೋಡಿಕೊಳ್ಳಬೇಕು, ಕೈಹಾಕುವವನ ಹತ್ತಿರ ಪರ್ಮಿಟ್ ಇರಬೇಕು. 2010ರಲ್ಲಿ ಮತ್ತು 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಹೊಸ ನಿಯಮಗಳು ಬಂದರೂ ಈ ತಿರುಳು ಹಾಗೇ ಉಳಿದಿದೆ.

ಎಷ್ಟು ಚೆನ್ನಾಗಿ ಗೆರೆ ಎಳೆದಿದ್ದಾರೆ ನೋಡಿ! ಆದರೆ ಊರಲ್ಲಿ ನಡೆದದ್ದೇ ಬೇರೆ. ಸಂಪರ್ಕ ಪಡೆಯುವಾಗ ಕಾಂಟ್ರಾಕ್ಟರ್ ಸಹಿ ಹಾಕಿದ ಕಂಪ್ಲೀಷನ್ ರಿಪೋರ್ಟ್ ಕೊಡಬೇಕು, ಆ ಕಾಗದ ಆಫೀಸಿಗೆ ಹೋಗುತ್ತಿತ್ತು. ಆಮೇಲೆ ಒಂದು ಕೋಣೆ ಹೆಚ್ಚಾದಾಗ, ಕೊಟ್ಟಿಗೆಗೆ ದೀಪ ಬೇಕಾದಾಗ, ಮಿಕ್ಸಿ ಬಂದಾಗ, ಗೀಸರ್ ಬಂದಾಗ, ಊರಲ್ಲೇ "ಕರೆಂಟಿನ ಕೆಲಸ ಗೊತ್ತಿರೋ ಹುಡುಗ" ಬಂದು ಎಳೆದುಕೊಟ್ಟು ಹೋಗುತ್ತಿದ್ದ. ನಮ್ಮ ತಾಲೂಕಿನ ಕುಬಟೂರಿನವರೇ ಆದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿ ಆಗಿದ್ದಾಗ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಕೊಟ್ಟರು. ತೋಟ ಗದ್ದೆಗಳಲ್ಲಿ ಮೋಟಾರು ಹೆಚ್ಚಿದ ಹಾಗೆ ಸ್ಟಾರ್ಟರ್ ಬಿಚ್ಚಿ ಕೂಡಿಸುವ ಕೈಗಳೂ ಹೆಚ್ಚಿದವು. ಆ ಕೈಗಳನ್ನು ನಾನು ಹೀಗಳೆಯೋಲ್ಲ. ಮಳೆಗಾಲದ ರಾತ್ರಿ ನಮಗೆ ಬೆಳಕು ಕೊಟ್ಟವರು ಅವರೇ. ಅವರಲ್ಲಿ ಐಟಿಐ ಓದಿದವರೂ ಇದ್ದರು, ನೋಡಿ ಕಲಿತವರೂ ಇದ್ದರು. ಯಾರಲ್ಲಿ ಪರ್ಮಿಟ್ ಇದೆ ಅಂತ ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಬೆಳೆಯದೇ ಇರೋದಕ್ಕೆ ಕಾರಣವೂ ಇದೆ. ಸಣ್ಣ ಲೋಡು ದೊಡ್ಡ ತಪ್ಪನ್ನೂ ಮುಚ್ಚಿಡುತ್ತೆ. 40 ವ್ಯಾಟಿನ ಒಂದು ಬಲ್ಬು ಎಳೆಯೋದು 0.17 ಆಂಪಿಯರ್. ಜಾಯಿಂಟ್ ಸಡಿಲ ಇದ್ದರೂ ಅದು ಬಿಸಿಯಾಗೋಲ್ಲ. ಇಸ್ತ್ರಿಪೆಟ್ಟಿಗೆ, ಗೀಸರ್ ಹೆಚ್ಚು ಎಳೆದರೂ ಅರ್ಧ ಗಂಟೆಯ ಮಾತು. ಪ್ಲಗ್ ಬಿಸಿಯಾಗುವಷ್ಟರಲ್ಲಿ ಸ್ನಾನ ಮುಗಿದಿರುತ್ತೆ.

ಈಗ ಕಾರಿಗೆ ಬರೋಣ. ಮನೆಯಲ್ಲಿ ಕಾರು ಚಾರ್ಜ್ ಮಾಡೋದು ಹೊಸ ವಿಷಯವೇನಲ್ಲ. ಅಮೆರಿಕದಲ್ಲಿ 1907ರಿಂದಲೇ ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನೋ ಕಾರು ಮಾರಾಟವಾಗುತ್ತಿತ್ತು. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಒಗ್ಗುವ ಡಿಸಿ ಮಾಡಲು ಗ್ಯಾರೇಜಿನಲ್ಲಿ ಪಾದರಸದ ರೆಕ್ಟಿಫೈಯರ್ ಇಟ್ಟುಕೊಳ್ಳುತ್ತಿದ್ದರು. ಅಂಥವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಮಾಡುತ್ತಿತ್ತು. ನಮ್ಮ ಶಿವನಸಮುದ್ರಕ್ಕೆ ಜನರೇಟರ್ ಕಳಿಸಿದ್ದೂ ಅದೇ ಕಂಪನಿ! ಕರ್ನಾಟಕದಲ್ಲಿ 2001ರಲ್ಲಿ ಬೆಂಗಳೂರಿನ ರೇವಾ ಬಂತು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್, ಮನೆಯ 15 ಆಂಪಿಯರ್ ಪ್ಲಗ್ಗೇ ಸಾಕು. ಲಂಡನ್ನಿನಲ್ಲೂ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. "ಪ್ಲಗ್ಗಿಗೆ ಹಾಕಿದರೆ ಆಯ್ತು" ಅನ್ನೋ ಮಾತು ನಮ್ಮ ತಲೆಗೆ ಕೂತಿದ್ದು ಆ ಕಾಲದಲ್ಲೇ ಇರಬೇಕು.

ಆದರೆ ಇವತ್ತಿನ ಲೆಕ್ಕ ಬೇರೆ. 2020ರಲ್ಲಿ ಬಂದ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್ ಹಿಡಿಯುತ್ತಿತ್ತು. 3.3 ಕಿಲೋವ್ಯಾಟಿನ ಪ್ಲಗ್ಗಿನಲ್ಲಿ ಅದನ್ನು ತುಂಬಲು ಸುಮಾರು 9 ಗಂಟೆ, ಅಷ್ಟೂ ಹೊತ್ತು 14 ಆಂಪಿಯರ್ ಮೇಲೆ. ಗೋಡೆಗೆ ಹಾಕುವ 7.2 ಕಿಲೋವ್ಯಾಟಿನ ಚಾರ್ಜರ್ ಆದರೆ 31 ಆಂಪಿಯರ್. ಅಂದರೆ 40 ವ್ಯಾಟಿನ 180 ಬಲ್ಬು ಒಟ್ಟಿಗೆ ಉರಿದ ಹಾಗೆ, ಅದೂ ಮನೆಯವರೆಲ್ಲ ಮಲಗಿರುವಾಗ. ಕೇರಿಗೆ 25 ಕೆವಿಎ ಟಿಸಿ ಇದ್ದರೆ ಅದರ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ಮನೆಗೆ. 1956ರ ಗೆರೆ ನೆನಪು ಮಾಡಿಕೊಳ್ಳಿ. ಇದು ಬಲ್ಬು ಬದಲಾಯಿಸುವ ಕೆಲಸವಲ್ಲ, ಮನೆಯ ಸಾಮರ್ಥ್ಯವನ್ನೂ ಸ್ವರೂಪವನ್ನೂ ಬದಲಿಸುವ ಕೆಲಸ. ಇಷ್ಟು ವರ್ಷ ನಾವು ಕೇಳದೇ ಇದ್ದ ಪ್ರಶ್ನೆಯನ್ನು ಈ ಕಾರು ಬಂದು ಕೇಳುತ್ತಿದೆ.

ಇನ್ನೊಂದು ಮುಖ್ಯ ವಿಷಯ ಅರ್ಥಿಂಗ್. ನಮ್ಮ ದುಂಡು ಮೂರು ಪಿನ್ನಿನ ಪ್ಲಗ್ 1934ರ ಬ್ರಿಟಿಷ್ ಮಾದರಿಯ ವಂಶದ್ದು. ಇಂಗ್ಲೆಂಡಿನವರೇ 1947ರ ನಂತರ ಚೌಕ ಪಿನ್ನಿಗೆ ಹೋದರು, ನಾವು ದುಂಡು ಪಿನ್ನನ್ನೇ ಇಟ್ಟುಕೊಂಡೆವು. ಅದರಲ್ಲಿ ಮೇಲಿನ ಪಿನ್ನು ಉದ್ದ, ದಪ್ಪ. ಬೇರೆ ಎರಡಕ್ಕಿಂತ ಮೊದಲು ಅರ್ಥ್ ಸೇರಲಿ ಅಂತ ಮಾಡಿದ್ದು. ಆದರೆ ಗೋಡೆಯ ಹಿಂದೆ ಆ ತೂತಿಗೆ ತಂತಿಯೇ ಇಲ್ಲದ ಮನೆಗಳು ಎಷ್ಟಿಲ್ಲ! ಇದ್ದರೂ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿಗೆ ಆಮೇಲೆ ನೀರು ಹಾಕಿದವರಿಲ್ಲ. ಮಳೆಗಾಲದಲ್ಲಿ ಸರಿ, ಏಪ್ರಿಲ್ ಹೊತ್ತಿಗೆ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಗಟ್ಟಿಯಾದಾಗ ಆ ಗುಂಡಿ ಹೆಸರಿಗೆ ಮಾತ್ರ. ಕಾರಿನ ಮೈ ಪೂರ್ತಿ ಲೋಹ, ಮುಟ್ಟುವವರು ಅಂಗಳದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತಾರೆ.

ಫ್ಯೂಸ್ ಕಾಪಾಡುತ್ತೆ ಅಂತ ತಿಳಿಯಬೇಡಿ. ಫ್ಯೂಸಾಗಲಿ ಎಂಸಿಬಿಯಾಗಲಿ ಕಾಪಾಡೋದು ವೈರನ್ನು, ಮನುಷ್ಯನನ್ನಲ್ಲ. ಆ ಒಂದು ಬಲ್ಬಿಗೆ ಬೇಕಾಗುವ 170 ಮಿಲಿ ಆಂಪಿಯರ್ ಇದೆಯಲ್ಲ, ಮನುಷ್ಯನ ಜೀವ ತೆಗೆಯೋಕೆ ಅಷ್ಟೂ ಬೇಡ. 15 ಆಂಪಿಯರಿನ ಫ್ಯೂಸಿಗೆ ಅದು ಗೊತ್ತೇ ಆಗೋಲ್ಲ. ಅದಕ್ಕೇ 2019ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಚಾರ್ಜಿಂಗ್ ಜಾಗಗಳಿಗೆಂದು ಸುರಕ್ಷತಾ ನಿಯಮ ಸೇರಿಸಿದಾಗ 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿದುಹಾಕುವ ಸಾಧನ ಇರಲೇಬೇಕು ಅಂದಿತು. ಅದೇ ಆರ್‌ಸಿಸಿಬಿ. ಸಾಕೆಟ್ ನೆಲದಿಂದ 800 ಮಿಲಿಮೀಟರ್ ಮೇಲಿರಬೇಕು, ಎಕ್ಸ್‌ಟೆನ್ಷನ್ ವೈರ್ ಬಳಸಬಾರದು ಅಂತಲೂ ಇತ್ತು. ಎಲೆಕ್ಟ್ರಿಕಲ್ ಅಂಗಡಿಯಿಂದ ಉದ್ದ ವೈರು ತಂದು ಕಿಟಕಿಯಲ್ಲಿ ಎಳೆದು ಚಾರ್ಜ್ ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಹಾಗಾದರೆ ಯಾರನ್ನ ಕರೆಸೋದು? ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಾಂಟ್ರಾಕ್ಟರನ್ನು. ಸೊರಬದಲ್ಲೋ ಸಾಗರದಲ್ಲೋ ಶಿಕಾರಿಪುರದಲ್ಲೋ ವಿಚಾರಿಸಿ, ಲೈಸೆನ್ಸ್ ತೋರಿಸಿ ಅಂತ ನಾಚಿಕೆ ಬಿಟ್ಟು ಕೇಳಿ. ಒಳ್ಳೆಯವನನ್ನು ಗುರುತಿಸೋದು ಕಷ್ಟವಲ್ಲ. ಅವನು ಮೊದಲು ಗೋಡೆ ಕೊರೆಯೋಲ್ಲ, ನಿಮ್ಮ ಕರೆಂಟ್ ಬಿಲ್ ಕೇಳುತ್ತಾನೆ. ಅದರಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ, ಸಾಲದಿದ್ದರೆ ಮೆಸ್ಕಾಂಗೆ ಅರ್ಜಿ ಹಾಕಿಸುತ್ತಾನೆ. ಕಂಬದಿಂದ ಬರುವ ಸರ್ವಿಸ್ ವೈರು, ಮೀಟರು ನೋಡುತ್ತಾನೆ. ಮೇನ್ ಬೋರ್ಡಿನಿಂದ ಚಾರ್ಜರಿಗೆ ಅಂತಲೇ ಬೇರೆ ತಾಮ್ರದ ಲೈನು ಎಳೆಯುತ್ತಾನೆ. ಅರ್ಥಿಂಗನ್ನು ಮೀಟರ್ ಹಿಡಿದು ಅಳೆಯುತ್ತಾನೆ, ಬಾಯಲ್ಲಿ "ಚೆನ್ನಾಗಿದೆ" ಅನ್ನೋಲ್ಲ. ಕೊನೆಗೆ ಸಹಿ ಹಾಕಿದ ಕಾಗದ ಕೊಡುತ್ತಾನೆ. ಊರಿನ ಹುಡುಗನೇ ಕೆಲಸ ಮಾಡಲಿ ಅನ್ನಿಸಿದರೆ ಅವನಿಗೂ ಪರ್ಮಿಟ್ ತಗೊಳ್ಳಲು ಹೇಳಿ. ಹಾಗೆ ಕೆಲಸ ಕಲಿತವನಿಗೆ ಮುಂದಿನ ಇಪ್ಪತ್ತು ವರ್ಷ ಈ ಭಾಗದಲ್ಲಿ ಕೆಲಸಕ್ಕೇನೂ ಬರ ಇರೋಲ್ಲ.

ಅಂದ ಹಾಗೆ ಗೃಹಜ್ಯೋತಿಯ ಮಾತೂ ಹೇಳಿಬಿಡ್ತೀನಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 30 ಯೂನಿಟ್ಟಿನ ಕಾರನ್ನು ತಿಂಗಳಿಗೆ ಏಳು ಸಲ ತುಂಬಿದರೆ ಕಾರೊಂದೇ ಆ ಗಡಿ ದಾಟುತ್ತೆ. ಕಾರಿಗೆ ಅಂತ ಬೇರೆ ಮೀಟರ್ ಹಾಕಿಸೋದು ಲಾಭವಾ ಅಂತ ಕೆಲಸ ಶುರುವಾಗುವ ಮೊದಲೇ ಲೆಕ್ಕ ಹಾಕಿಸಿ.

ಶರಾವತಿಯ ನೀರು ಕರೆಂಟಾಗಿ ಊರೂರು ಸುತ್ತಿ ನಮ್ಮ ಅಂಗಳಕ್ಕೆ ಬರೋಕೆ ಎಷ್ಟು ವರ್ಷ ಹಿಡಿಯಿತು ಅಂತ ನೋಡಿದಿರಲ್ಲ. ಕೊನೆಯ ಹತ್ತು ಅಡಿಯ ವೈರು ಎಳೆಯೋಕೆ ಒಂದು ವಾರ ತಡವಾದರೆ ಏನೂ ನಷ್ಟವಿಲ್ಲ, ಏನಂತೀರಾ?