ಕ್ರಾಂತಿಕತಾ ಸುರಕ್ಷತೆ ಮತ್ತು ಹೈದರಾಬಾದಿನ ಅಣು ಇಂಧನ ಕೈಗಾರಿಕೆ

ಯುರೇನಿಯಂ-235ರಂಥ ವಿದಳನಶೀಲ ವಸ್ತುವನ್ನು ರಿಯಾಕ್ಟರಿನ ಹೊರಗೆ ಕರಗಿಸುವಾಗ, ಒಣಗಿಸುವಾಗ, ಸಾಗಿಸುವಾಗ ಸರಪಳಿ ಕ್ರಿಯೆ ತಾನಾಗಿ ಹೊತ್ತಿಕೊಳ್ಳದಂತೆ ಕಾಯುವ ವಿಧಾನವೇ ಕ್ರಾಂತಿಕತಾ ಸುರಕ್ಷತೆ. ಇಲ್ಲಿನ ಭಯ ಬಾಂಬಿನಂಥ ಸ್ಫೋಟದ್ದಲ್ಲ. ಕ್ಷಣಾರ್ಧದಲ್ಲಿ ಹೊಮ್ಮುವ ನ್ಯೂಟ್ರಾನ್ ಮತ್ತು ಗಾಮಾ ವಿಕಿರಣ ಹತ್ತಿರ ನಿಂತವರ ಜೀವ ತೆಗೆಯಬಲ್ಲದು.

ಅಪಾಯವನ್ನು ತೂಕವೊಂದೇ ನಿರ್ಧರಿಸುವುದಿಲ್ಲ. ಅತಿ ಸಮೃದ್ಧ, ಅಂದರೆ ಯುರೇನಿಯಂ-235ರ ಪಾಲನ್ನು ಬಹಳ ಹೆಚ್ಚಿಸಿದ, ಯುರೇನಿಯಂ ಲೋಹದ ಬರಿಯ ಗುಂಡು ಕ್ರಾಂತಿಕವಾಗಲು, ಎಂದರೆ ಅದರಲ್ಲಿ ಸರಪಳಿ ಕ್ರಿಯೆ ತಾನಾಗಿ ಮುಂದುವರಿಯಲು, ಸುಮಾರು 50 ಕಿಲೋ ಬೇಕು. ಅದೇ ವಸ್ತು ನೀರಿನಲ್ಲಿ ಕರಗಿದ್ದರೆ ಒಂದು ಕಿಲೋಗಿಂತ ಕಡಿಮೆಯೇ ಸಾಕಾಗಬಹುದು. ನೀರು ನ್ಯೂಟ್ರಾನುಗಳ ವೇಗ ತಗ್ಗಿಸಿ ವಿದಳನವನ್ನು ಸುಲಭ ಮಾಡುತ್ತದೆ. ಪಾತ್ರೆಯ ಆಕಾರವೂ ಅಷ್ಟೇ ಮುಖ್ಯ: ತೆಳ್ಳಗಿನ ಕೊಳವೆಯಲ್ಲಿ ನ್ಯೂಟ್ರಾನುಗಳು ಸೋರಿಹೋಗುತ್ತವೆ, ಹಂಡೆಯಲ್ಲಿ ಉಳಿದುಕೊಳ್ಳುತ್ತವೆ.

ಹೈದರಾಬಾದಿನ ಮೌಲಾಲಿ ಬಳಿ 1971ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್, ಅಂದರೆ ಎನ್‌ಎಫ್‌ಸಿ, ಎರಡು ಬಗೆಯ ಯುರೇನಿಯಂ ನಿಭಾಯಿಸುತ್ತ ಬಂದಿದೆ. ಜಾದುಗುಡದಂಥ ಗಣಿಗಳಿಂದ ಬರುವ ಸಹಜ ಯುರೇನಿಯಂ ಭಾರಜಲ ರಿಯಾಕ್ಟರುಗಳಿಗೆ ಇಂಧನವಾಗುತ್ತದೆ. ಕೈಗಾ ಸ್ಥಾವರಕ್ಕೂ ಇಲ್ಲಿಂದಲೇ ಪೂರೈಕೆ. ಇದರಲ್ಲಿ ಯುರೇನಿಯಂ-235ರ ಪಾಲು ಶೇ. 0.7 ಮಾತ್ರ. ಸಾಮಾನ್ಯ ನೀರಿನಲ್ಲಿ ಇದನ್ನು ಎಷ್ಟು ಕೂಡಿಟ್ಟರೂ ಸರಪಳಿ ಕ್ರಿಯೆ ಮುಂದುವರಿಯದು. ಹೀಗಾಗಿ ಆ ಸಾಲಿನಲ್ಲಿ ರಾಸಾಯನಿಕಗಳು, ಧೂಳು, ಜಿರ್ಕೋನಿಯಂ ಪುಡಿಯ ಬೆಂಕಿ ಇವೇ ದೊಡ್ಡ ಚಿಂತೆ.

ತಾರಾಪುರದ ಕಥೆ ಬೇರೆ. 1969ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಅಲ್ಲಿನ ಎರಡು ಕುದಿನೀರಿನ ರಿಯಾಕ್ಟರುಗಳಿಗೆ ಸಮೃದ್ಧ ಯುರೇನಿಯಂ ಬೇಕು. ಹೆಕ್ಸಾಫ್ಲೋರೈಡ್ ರೂಪದಲ್ಲಿ ಬಂದ ಆಮದು ವಸ್ತುವನ್ನು ಎನ್‌ಎಫ್‌ಸಿ ನೀರು, ಅಮೋನಿಯಾ ಬಳಸಿ ಆಕ್ಸೈಡ್ ಪುಡಿಯಾಗಿಸಿ, ಬಿಲ್ಲೆಯಾಗಿ ಒತ್ತಿತು. ಸಮೃದ್ಧಿ ಶೇ. 3ಕ್ಕಿಂತ ಕಡಿಮೆಯಾದರೂ, ದ್ರಾವಣ ಮತ್ತು ಕೆಸರಿನ ಈ ಹಂತದಲ್ಲೇ ಕ್ರಾಂತಿಕತೆಯ ಲೆಕ್ಕ ಹಾಕಬೇಕು. ಸಮೃದ್ಧ ಯುರೇನಿಯಂಗೆ ಪ್ರತ್ಯೇಕ ಸ್ಥಾವರಗಳಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಲೆಕ್ಕದ ಪಾಠ ಬಂದದ್ದು ಬಹುಪಾಲು ಬೇರೆಡೆಯ ಅವಘಡಗಳಿಂದ. 2000ದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯ ಪ್ರಕಟಿಸಿದ ಪರಿಶೀಲನೆ ಇಂಧನ ಸಂಸ್ಕರಣೆಯ 22 ಅವಘಡಗಳನ್ನು ಪಟ್ಟಿಮಾಡಿತು. 21ರಲ್ಲಿ ದ್ರಾವಣ ಅಥವಾ ಕೆಸರೇ ಕಾರಣ. ರಷ್ಯನ್ ತಜ್ಞರೂ ಕೈಜೋಡಿಸಿದ್ದರಿಂದ ರಷ್ಯಾದ 13 ಘಟನೆಗಳು ಬೆಳಕಿಗೆ ಬಂದವು, ಶೀತಲ ಸಮರದ ಎದುರಾಳಿಗಳ ನಡುವೆ ಇದು ಸಣ್ಣ ಸಂಗತಿಯಲ್ಲ. ಪಟ್ಟಿಯ ಕೊನೆಯದು 1999ರ ಸೆಪ್ಟೆಂಬರ್ 30ರಂದು ಜಪಾನಿನ ತೋಕೈಮುರಾದಲ್ಲಿ ನಡೆದದ್ದು. ಶೇ. 18.8 ಸಮೃದ್ಧಿಯ ದ್ರಾವಣವನ್ನು ಕೆಲಸಗಾರರು ಬಕೆಟ್ಟಿನಿಂದ ಅಗಲದ ತೊಟ್ಟಿಗೆ ಸುರಿದರು, 2.4 ಕಿಲೋ ಮಿತಿಯಿದ್ದಲ್ಲಿ ಸುಮಾರು 16 ಕಿಲೋ ಯುರೇನಿಯಂ ಸೇರಿತು. ತೊಟ್ಟಿಯ ಸುತ್ತಲ ತಂಪು ನೀರು ನ್ಯೂಟ್ರಾನುಗಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದನ್ನು ಬಸಿದ ಮೇಲೆಯೇ, ಸುಮಾರು 20 ಗಂಟೆಗಳ ನಂತರ ಕ್ರಿಯೆ ನಿಂತಿತು. ಇಬ್ಬರು ತೀರಿಕೊಂಡರು.

ಭಾರತಕ್ಕೆ ಮರಳಿದರೆ, 1974ರ ಪೋಖರಣ್ ಅಣು ಪರೀಕ್ಷೆಯ ನಂತರ ದೇಶದ ಅಣು ವ್ಯಾಪಾರದ ಬಾಗಿಲುಗಳು ಮುಚ್ಚಿದವು. ತಾರಾಪುರದ ಇಂಧನಕ್ಕೆ ಅಮೆರಿಕದ ಬದಲು ಫ್ರಾನ್ಸ್, ಚೀನಾ, ರಷ್ಯಾಗಳ ಕಡೆ ನೋಡಬೇಕಾಯಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸದಸ್ಯತ್ವ ಮಾತ್ರ 1957ರಿಂದಲೂ ಉಳಿದುಬಂತು. ದೇಶದೊಳಗೆ ಅಣುಶಕ್ತಿ ನಿಯಂತ್ರಣ ಮಂಡಳಿ 1983ರ ನವೆಂಬರಿನಲ್ಲಿ ಜನ್ಮ ತಾಳಿತು.

2009ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೊಂದಿಗೆ ಸಹಿಯಾದ ಒಪ್ಪಂದದ ಅಡಿ ಹೈದರಾಬಾದಿನ ಕೆಲವು ಘಟಕಗಳು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟವು. ತಪಾಸಣೆಯ ಉದ್ದೇಶ ವಸ್ತು ಕಳ್ಳದಾರಿ ಹಿಡಿಯದಂತೆ ತಡೆಯುವುದು. ಕ್ರಾಂತಿಕತಾ ಸುರಕ್ಷತೆ ಅದರಿಂದ ಬೇರೆ. ಆದರೂ ಯಾವ ಪಾತ್ರೆಯಲ್ಲಿ ಎಷ್ಟು ವಸ್ತುವಿದೆ ಎಂಬ ನಿಖರ ದಾಸ್ತಾನು ಎರಡಕ್ಕೂ ಬೇಕು. ವಿದಳನಶೀಲ ವಸ್ತುಗಳ ನಿರ್ವಹಣೆಯಲ್ಲಿ ಕ್ರಾಂತಿಕತಾ ಸುರಕ್ಷತೆಗೆಂದೇ ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು.